ಆಟ ತೆರೆದರೆ ಪರದೆ ಕಪ್ಪು: ಮಾನಿಟರನ್ನು ಗೋಣಿಚೀಲಕ್ಕೆ ಹಾಕುವ ಮುನ್ನ

ಶಾಲೆಗಳಿಗೆ ಬೇಸಿಗೆ ರಜೆ ಬಂತೆಂದರೆ ಶಿಕಾರಿಪುರ ಮತ್ತು ಸೊರಬ ಕಡೆಯ ಗಣಕಯಂತ್ರ ದುರಸ್ತಿ ಅಂಗಡಿಗಳಲ್ಲಿ ಒಂದು ಬಗೆಯ ಸುಗ್ಗಿ. ವರ್ಷವಿಡೀ ಅರ್ಜಿ, ಪಹಣಿ, ಪಾಠ ಎಂದು ದುಡಿದ ಮನೆಯ ಡೆಸ್ಕ್‌ಟಾಪ್ ಆಗ ಮಕ್ಕಳ ವಶಕ್ಕೆ ಬರುತ್ತದೆ. ಅಣ್ಣನ ಕಾಲದ ಸಿ.ಡಿ.ಗಳೂ, ಗೆಳೆಯನ ಪೆನ್‌ಡ್ರೈವಿನಲ್ಲಿ ಬಂದ ಆಟಗಳೂ ಅದರೊಳಕ್ಕೆ ಇಳಿಯುತ್ತವೆ. ವಾರ ಕಳೆಯುವುದರೊಳಗೆ ಯಾರಾದರೊಬ್ಬರು ಮಾನಿಟರನ್ನು ಗೋಣಿಚೀಲದಲ್ಲಿ ಸುತ್ತಿ, ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಬಂದು ಅಂಗಡಿಯ ಮೆಟ್ಟಿಲು ಹತ್ತುತ್ತಾರೆ.

ಅಂತಹ ಒಂದು ಪ್ರಸಂಗಕ್ಕೆ ಈ ಲೇಖಕನೂ ಸಾಕ್ಷಿಯಾಗಿದ್ದ. ಆನವಟ್ಟಿ ಕಡೆಯ ರೈತರೊಬ್ಬರು ಮಗನನ್ನು ಹಿಂದೆ ಕೂರಿಸಿಕೊಂಡು, ಶಿರಾಳಕೊಪ್ಪ ದಾಟಿ, ಶಿಕಾರಿಪುರಕ್ಕೆ ಬಂದಿದ್ದರು. "ಮಾನಿಟರ್ ಹೋಗಿದೆ ಕಣ್ರೀ, ಹೊಸದಕ್ಕೆ ಎಷ್ಟಾಗ್ತದೆ ಹೇಳಿ" ಎಂಬುದೇ ಅವರ ಮೊದಲ ಮಾತು. ಅಂಗಡಿಯಾತ ಅದನ್ನು ತನ್ನ ಮೇಜಿನ ಮೇಲಿದ್ದ ಸಿ.ಪಿ.ಯು.ಗೆ ಜೋಡಿಸಿದ. ಚಿತ್ರ ಕನ್ನಡಿಯಂತೆ ಮೂಡಿತು. ತಂದೆ ಸಮಾಧಾನದಿಂದ ಊರಿಗೆ ಮರಳಿದರು. ಮರುದಿನ ಬೆಳಿಗ್ಗೆ ನೋಡಿದರೆ ಮತ್ತೆ ಹಾಜರು. ಈ ಬಾರಿ ಸಿ.ಪಿ.ಯು. ಕೂಡ ಚೀಲದಲ್ಲಿತ್ತು. ಮನೆಯಲ್ಲಿ ಜೋಡಿಸಿದರೆ ಮೊದಲಿನಂತೆಯೇ ಕತ್ತಲು, ಕತ್ತಲಿನ ನಡುವೆ 'ಔಟ್ ಆಫ್ ರೇಂಜ್' ಎಂಬ ಚಿಕ್ಕದೊಂದು ಚೌಕ.

"ಹಾಗಾದರೆ ಫಾರ್ಮ್ಯಾಟ್ ಹೊಡೀಬೇಕು" ಎಂದ ಅಂಗಡಿಯಾತ. ಅಲ್ಲಿಯವರೆಗೆ ಸುಮ್ಮನೆ ನಿಂತಿದ್ದ ಹುಡುಗ ಅಳುಮೋರೆ ಮಾಡಿದ. ಅದರೊಳಗೆ ಅವನ ಅಕ್ಕನ ಕೆಲಸವಿತ್ತು. ನುಡಿ ತಂತ್ರಾಂಶದಲ್ಲಿ ಆಕೆ ಎರಡು ವರ್ಷ ಕುಳಿತು ಟೈಪು ಮಾಡಿಟ್ಟುಕೊಂಡ ಪರೀಕ್ಷಾ ಟಿಪ್ಪಣಿಗಳೂ, ನೌಕರಿಯ ಅರ್ಜಿಗಳ ಪ್ರತಿಗಳೂ ಡೆಸ್ಕ್‌ಟಾಪಿನ ಮೇಲೆಯೇ ಇದ್ದವು. ಡೆಸ್ಕ್‌ಟಾಪ್ ಎಂದರೆ ಸಾಮಾನ್ಯವಾಗಿ ಸಿ ಡ್ರೈವ್; ಫಾರ್ಮ್ಯಾಟ್ ಮಾಡುವಾಗ ಮೊದಲು ಅಳಿಸಿಹೋಗುವುದೂ ಅದೇ.

ಈ ಪ್ರಸಂಗದ ಮುಂದಿನ ಭಾಗಕ್ಕೆ ಬರುವ ಮೊದಲು, ಆಟಕ್ಕೂ ಪರದೆಯ ಅಳತೆಗೂ ಇರುವ ಸಂಬಂಧವನ್ನು ತಿಳಿದುಕೊಳ್ಳುವುದು ಅಗತ್ಯ. ಸಂಬಂಧ ತಿಳಿದರೆ ಅರ್ಧ ದುರಸ್ತಿ ಮುಗಿದಂತೆಯೇ.

ಚುಕ್ಕಿಗಳ ಲೆಕ್ಕ

ಅಂಗಳದಲ್ಲಿ ಚುಕ್ಕಿ ರಂಗೋಲಿ ಹಾಕುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇಂದಿನ ಚಪ್ಪಟೆ ಪರದೆ, ಅಂದರೆ ಎಲ್‌ಸಿಡಿ ಅಥವಾ ಎಲ್‌ಇಡಿ ಮಾನಿಟರ್, ತಯಾರಾಗುವಾಗಲೇ ಚುಕ್ಕಿ ಇಟ್ಟು ಮುಗಿಸಿದ ಅಂಗಳ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿರುವ 1366×768 ಅಳತೆಯ ಮಾನಿಟರಿನಲ್ಲಿ ಅಡ್ಡಸಾಲಿಗೆ 1366, ಉದ್ದಸಾಲಿಗೆ 768 ಚುಕ್ಕಿಗಳಿರುತ್ತವೆ, ಒಟ್ಟು 10,49,088. ಒಂದು ಚುಕ್ಕಿಯನ್ನೂ ಸೇರಿಸುವಂತಿಲ್ಲ, ಅಳಿಸುವಂತಿಲ್ಲ. ಇದನ್ನೇ ಆ ಮಾನಿಟರಿನ ಸಹಜ ರೆಸಲ್ಯೂಶನ್ ಎನ್ನುವುದು.

ಹಳೆಯ ಡಬ್ಬಿ ಮಾನಿಟರಿನ ಸಂಗತಿಯೇ ಬೇರೆ. ಅದರಲ್ಲಿ ಚಿತ್ರವನ್ನು ಎಲೆಕ್ಟ್ರಾನ್ ಕಿರಣ ಗೀಚುತ್ತಿತ್ತು. 640×480 ಎಂದರೆ ಅಷ್ಟು ಗೆರೆ, 1024×768 ಎಂದರೆ ಇಷ್ಟು ಗೆರೆ ಎಂದು ಕಿರಣವೇ ತನ್ನ ಓಟವನ್ನು ಬದಲಿಸಿಕೊಳ್ಳುತ್ತಿದ್ದ ಕಾರಣ ಯಾವ ಅಳತೆ ಕೊಟ್ಟರೂ ಚಿತ್ರ ಹೆಚ್ಚುಕಡಿಮೆ ಹಿತವಾಗಿಯೇ ಕಾಣುತ್ತಿತ್ತು. ಅದರ ಅಗಲಕ್ಕೂ ಎತ್ತರಕ್ಕೂ ಇದ್ದ ಅನುಪಾತ 4ಕ್ಕೆ 3. ಆ ಕಾಲದ ಆಟಗಳನ್ನೆಲ್ಲ ಆ ಆಕಾರಕ್ಕೆಂದೇ ಕಟ್ಟಲಾಗಿದೆ. ಈಗಿನ ಪರದೆಗಳು ಬಹುತೇಕ 16ಕ್ಕೆ 9. ಹಳೆಯ ಆಟ ಮತ್ತು ಹೊಸ ಪರದೆಯ ನಡುವಿನ ತಕರಾರುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಯೇ.

ಒಂದು ಉದಾಹರಣೆ. 640×480 ಅಳತೆಯ ಆಟವನ್ನು 1366×768 ಪರದೆಯ ತುಂಬ ಹರಡಿದರೆ ಎತ್ತರ 1.6 ಪಟ್ಟು ಹಿಗ್ಗುತ್ತದೆ, ಅಗಲ ಮಾತ್ರ 2.13 ಪಟ್ಟು ಹಿಗ್ಗುತ್ತದೆ. ಆಟದೊಳಗಿನ ಗಾಡಿಯ ಚಕ್ರ ಮೊಟ್ಟೆಯಾಗುತ್ತದೆ, ಮನುಷ್ಯರು ಕುಳ್ಳಗೆ ದಪ್ಪಗಾಗುತ್ತಾರೆ. ಎರಡನ್ನೂ 1.6 ಪಟ್ಟೇ ಹಿಗ್ಗಿಸಿದರೆ ಚಿತ್ರ 1024×768 ಆಗಿ, ಎಡಕ್ಕೂ ಬಲಕ್ಕೂ ತಲಾ 171 ಚುಕ್ಕಿಗಳ ಕಪ್ಪು ಪಟ್ಟಿ ಉಳಿಯುತ್ತದೆ. ಈ ಪಟ್ಟಿಯನ್ನು ಕಂಡು ಪರದೆ ಕೆಟ್ಟಿತೆಂದು ಭಾವಿಸುವವರಿದ್ದಾರೆ. ವಾಸ್ತವದಲ್ಲಿ ಚಿತ್ರ ಸರಿಯಾದ ಆಕಾರದಲ್ಲಿರುವುದರ ಗುರುತೇ ಆ ಪಟ್ಟಿ. ಸೊರಬ, ಸಾಗರಗಳ ಗುಡಿಗಾರರು ಗಂಧದ ತುಂಡು ಅಗಲವಿದೆಯೆಂದು ದೇವರ ಮುಖವನ್ನು ಅಗಲ ಮಾಡುವುದಿಲ್ಲ. ಉಳಿದ ಜಾಗಕ್ಕೆ ಬಳ್ಳಿ ಬಿಡಿಸುತ್ತಾರೆ.

ಇನ್ನೊಂದು ಸೂಕ್ಷ್ಮವಿದೆ. 1.6 ಎಂಬುದು ಪೂರ್ಣಾಂಕವಲ್ಲ. ಒಂದು ಚುಕ್ಕಿಯ ಬಣ್ಣವನ್ನು ಒಂದೂವರೆಗಿಂತ ತುಸು ಹೆಚ್ಚು ಚುಕ್ಕಿಗೆ ಹಂಚಬೇಕಾದಾಗ ಅಂಚುಗಳು ಮಸುಕಾಗುತ್ತವೆ. ಇಂಗ್ಲಿಷ್ ಅಕ್ಷರಗಳು ಈ ಮಸುಕನ್ನು ಹೇಗೋ ತಡೆದುಕೊಳ್ಳುತ್ತವೆ. ಕನ್ನಡದ ಒತ್ತಕ್ಷರಗಳು ತಡೆಯಲಾರವು. 'ಸ್ತ್ರೀ', 'ಲಕ್ಷ್ಮೀ' ಮುಂತಾದ ಪದಗಳಲ್ಲಿ ಕೆಳಗಿನ ಒತ್ತುಗಳು ಕಲೆಸಿಹೋಗಿ ಶಾಯಿ ಚೆಲ್ಲಿದಂತೆ ಕಾಣುತ್ತವೆ. ತಮ್ಮ ಆಟವಾಡಿ ಎದ್ದುಹೋದ ಮೇಲೆ ಕುಳಿತ ಅಕ್ಕನಿಗೆ ನುಡಿಯ ಅಕ್ಷರಗಳು ಊದಿಕೊಂಡು ಕಂಡರೆ, ದೋಷ ಫಾಂಟಿನದಲ್ಲ. ಆಟ ಕುಸಿದುಬಿದ್ದು ಡೆಸ್ಕ್‌ಟಾಪನ್ನು 800×600ರಲ್ಲಿಯೇ ಬಿಟ್ಟುಹೋಗಿರುವ ಸಾಧ್ಯತೆ ಹೆಚ್ಚು. ಪೂರ್ಣ ಪರದೆಯ ಆಟ ಮಾಡುವ ಇಂತಹ ಬದಲಾವಣೆ ಸಾಮಾನ್ಯವಾಗಿ ತಾತ್ಕಾಲಿಕ. ಯಂತ್ರವನ್ನು ಒಮ್ಮೆ ರೀಸ್ಟಾರ್ಟ್ ಮಾಡಿದರೆ ಹಳೆಯ ಅಳತೆ ಮರಳುತ್ತದೆ.

ಪರದೆ ಕಪ್ಪಾಗುವುದೇಕೆ?

ಚುಕ್ಕಿಗಳ ಸಂಖ್ಯೆಯಷ್ಟೇ ಮುಖ್ಯವಾದುದು ಚಿತ್ರ ಸೆಕೆಂಡಿಗೆ ಎಷ್ಟು ಬಾರಿ ಹೊಸದಾಗುತ್ತದೆ ಎಂಬುದು. ಇದನ್ನು ಹರ್ಟ್ಝ್‌ನಲ್ಲಿ ಅಳೆಯುತ್ತಾರೆ. ಡಬ್ಬಿ ಮಾನಿಟರಿನಲ್ಲಿ 60 ಹರ್ಟ್ಝ್ ಇಟ್ಟರೆ ಚಿತ್ರ ಮಿನುಗಿ ಕಣ್ಣು ನೋಯುತ್ತಿದ್ದುದರಿಂದ ತಿಳಿದವರು 75 ಅಥವಾ 85 ಇಟ್ಟುಕೊಳ್ಳುತ್ತಿದ್ದರು. ಸಾಮಾನ್ಯ ಎಲ್‌ಸಿಡಿ ಮಾನಿಟರಿಗೆ 60 ಹರ್ಟ್ಝ್ ಸಾಕು. ಅನೇಕ ಮಾನಿಟರುಗಳು 75ಕ್ಕಿಂತ ಮೇಲಿನದನ್ನು ಸ್ವೀಕರಿಸುವುದೇ ಇಲ್ಲ. ಅಂತಹ ಮಾನಿಟರಿಗೆ 85 ಹರ್ಟ್ಝ್ ಕಳುಹಿಸಿದರೆ, ಅಥವಾ ಅದರ ಶಕ್ತಿಗೆ ಮೀರಿದ 1600×1200ರಂತಹ ಅಳತೆ ಕಳುಹಿಸಿದರೆ, ಅದು ಚಿತ್ರ ತೋರಿಸುವುದನ್ನು ನಿಲ್ಲಿಸಿ 'ಔಟ್ ಆಫ್ ರೇಂಜ್' ಅಥವಾ 'ಇನ್‌ಪುಟ್ ನಾಟ್ ಸಪೋರ್ಟೆಡ್' ಎಂದು ಬರೆಯುತ್ತದೆ.

ಗಮನಿಸಬೇಕಾದ ಸಂಗತಿಯೆಂದರೆ, ಆ ಸಂದೇಶವನ್ನು ಬರೆಯುತ್ತಿರುವುದು ಮಾನಿಟರೇ. ಅಂದಮೇಲೆ ಅದು ಜೀವಂತವಾಗಿದೆ, ಕೇಬಲ್ ಜೋಡಣೆಯಾಗಿದೆ, ಸಿ.ಪಿ.ಯು.ನಿಂದ ಸಂಕೇತವೂ ಬರುತ್ತಿದೆ. ಈ ಮೂರೂ ಖಚಿತವಾದ ಬಳಿಕ ಹೊಸ ಮಾನಿಟರಿನ ಬೆಲೆ ಕೇಳುವ ಅಗತ್ಯವೇ ಬೀಳುವುದಿಲ್ಲ.

ಎರಡನೆಯ ಸುಳಿವು ಯಂತ್ರ ಚಾಲೂ ಆಗುವ ಕ್ರಮದಲ್ಲಿರುತ್ತದೆ. ಗುಂಡಿ ಒತ್ತಿದೊಡನೆ ಮದರ್‌ಬೋರ್ಡ್ ಕಂಪನಿಯ ಹೆಸರು ಕಾಣುತ್ತದೆ, ವಿಂಡೋಸ್ ಚಿಹ್ನೆಯೂ ಕಾಣುತ್ತದೆ, ಡೆಸ್ಕ್‌ಟಾಪ್ ಬರಬೇಕಾದ ಕ್ಷಣದಲ್ಲಿ ಕತ್ತಲಾಗುತ್ತದೆ ಎಂದಾದರೆ ತಪ್ಪು ಇರುವುದು ವಿಂಡೋಸ್‌ನಲ್ಲಿ ಉಳಿಸಿದ ಅಳತೆಯಲ್ಲಿ. ಡೆಸ್ಕ್‌ಟಾಪ್ ಸರಿಯಾಗಿದ್ದು ಆಟ ತೆರೆದಾಗ ಮಾತ್ರ ಕತ್ತಲಾದರೆ ತಪ್ಪು ಆ ಆಟದ ಸೆಟ್ಟಿಂಗ್ ಕಡತದಲ್ಲಿ. ಗುಂಡಿ ಒತ್ತಿದ ಕ್ಷಣದಿಂದಲೂ ಏನೂ ಕಾಣದಿದ್ದರೆ, ಆಗ ಕೇಬಲ್, ರ್‍ಯಾಮ್, ಮಾನಿಟರ್ ಎಂದು ಯಂತ್ರಾಂಶದ ಕಡೆ ನೋಡಬೇಕು; ಅದು ಈ ಲೇಖನದ ವಿಷಯವಲ್ಲ.

ಆನವಟ್ಟಿ ಕಡೆಯ ಆ ಹುಡುಗನನ್ನು ಪಕ್ಕಕ್ಕೆ ಕರೆದು ವಿಚಾರಿಸಿದಾಗ ಸಂಗತಿ ಹೊರಬಿತ್ತು. ಆಟದಲ್ಲಿ ಚಿತ್ರ ತಡೆತಡೆದು ಬರುತ್ತಿದೆಯೆಂದು ಗೆಳೆಯನೊಬ್ಬ ಹರ್ಟ್ಝ್ ಹೆಚ್ಚಿಸಲು ಹೇಳಿಕೊಟ್ಟಿದ್ದ. ಡೆಸ್ಕ್‌ಟಾಪ್ ಸೆಟ್ಟಿಂಗ್‌ಗೆ ಹೋಗಿ, 'ಈ ಮಾನಿಟರ್ ತೋರಿಸಲಾಗದ ವಿಧಾನಗಳನ್ನು ಮರೆಮಾಡು' ಎಂಬರ್ಥದ ಚೌಕದ ಗುರುತನ್ನು ತೆಗೆದು, ಹುಡುಗ 85 ಆರಿಸಿದ್ದ. ಹಾಗೆ ಆರಿಸಿದಾಗ ವಿಂಡೋಸ್ 15 ಸೆಕೆಂಡ್ ಕಾಯುತ್ತದೆ. ಹೌದೆಂಬ ಉತ್ತರ ಬರದಿದ್ದರೆ ಹಳೆಯ ಅಳತೆಗೆ ತಾನೇ ಮರಳುತ್ತದೆ. ಕೈಕಟ್ಟಿ ಕುಳಿತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಕತ್ತಲಾದ ಪರದೆಯ ಮುಂದೆ ಯಾವ ಹುಡುಗ ಕೈಕಟ್ಟಿ ಕುಳಿತಾನು? ಸಿಕ್ಕ ಕೀಲಿಗಳನ್ನೆಲ್ಲ ಒತ್ತಿದ್ದಾನೆ. ಆ ಗಾಬರಿಯಲ್ಲಿ 'ಹೌದು' ಎಂಬ ಉತ್ತರವೂ ಸೇರಿಹೋಗಿದೆ.

ಆ ಯಂತ್ರದಲ್ಲಿದ್ದುದು ವಿಂಡೋಸ್ 7. ಅದನ್ನು ಚಾಲೂ ಮಾಡಿ, ವಿಂಡೋಸ್ ಚಿಹ್ನೆ ಕಾಣುವ ಮುನ್ನವೇ ಎಫ್8 ಕೀಲಿಯನ್ನು ಬಿಟ್ಟುಬಿಟ್ಟು ಒತ್ತುತ್ತಿದ್ದರೆ ಒಂದು ಕಪ್ಪು ಪಟ್ಟಿ ತೆರೆದುಕೊಳ್ಳುತ್ತದೆ. ಅದರಲ್ಲಿ 'ಎನೇಬಲ್ ಲೋ ರೆಸಲ್ಯೂಶನ್ ವಿಡಿಯೋ' ಎಂಬ ಸಾಲನ್ನು ಆರಿಸಿದರೆ ಯಂತ್ರ 640×480 ಅಳತೆಯಲ್ಲಿ ತೆರೆಯುತ್ತದೆ. ಎಕ್ಸ್‌ಪಿಯಲ್ಲಿ ಇದೇ ಸಾಲಿಗೆ 'ಎನೇಬಲ್ ವಿಜಿಎ ಮೋಡ್' ಎಂದು ಹೆಸರು. ಡೆಸ್ಕ್‌ಟಾಪ್ ದೈತ್ಯಾಕಾರದ ಅಕ್ಷರಗಳೊಂದಿಗೆ ಕಾಣಿಸಿತು. ರೆಸಲ್ಯೂಶನ್ 1366×768, ಹರ್ಟ್ಝ್ 60 ಎಂದು ಕೊಟ್ಟು ರೀಸ್ಟಾರ್ಟ್ ಮಾಡಲಾಯಿತು. ಒಟ್ಟು ಹಿಡಿದ ಹೊತ್ತು ಒಂದು ಲೋಟ ಚಹಾ ಕುಡಿಯುವಷ್ಟು. ಅಕ್ಕನ ಕಡತಗಳು ಇದ್ದಲ್ಲಿಯೇ ಇದ್ದವು. ತಂದೆ ಪೆನ್‌ಡ್ರೈವ್ ಒಂದನ್ನು ಕೊಂಡು ಅವನ್ನೆಲ್ಲ ಅಲ್ಲಿಯೇ ನಕಲು ಮಾಡಿಸಿಕೊಂಡರು. ಎರಡು ಬಾರಿಯ ಪ್ರಯಾಣದ ಪೆಟ್ರೋಲಿನ ಲೆಕ್ಕವನ್ನು ಮಗನ ಮುಖ ನೋಡಿ ಒಮ್ಮೆ ಹೇಳಿದ್ದು ಬಿಟ್ಟರೆ ಬೇರೇನೂ ಅನ್ನಲಿಲ್ಲ.

ವಿಂಡೋಸ್ 10 ಮತ್ತು 11ರಲ್ಲಿ ಎಫ್8 ಹೀಗೆ ಕೆಲಸ ಮಾಡುವುದಿಲ್ಲ. ಶಿಫ್ಟ್ ಕೀಲಿಯನ್ನು ಹಿಡಿದುಕೊಂಡು ರೀಸ್ಟಾರ್ಟ್ ಒತ್ತಬೇಕು. ಪರದೆಯೇ ಕಾಣದಿದ್ದಾಗ ಅದು ಸಾಧ್ಯವಿಲ್ಲವಾದ್ದರಿಂದ ಇನ್ನೊಂದು ದಾರಿಯಿದೆ: ವಿಂಡೋಸ್ ಚಿಹ್ನೆ ಕಂಡೊಡನೆ ಪವರ್ ಗುಂಡಿಯನ್ನು ಒತ್ತಿ ಹಿಡಿದು ಆರಿಸುವುದು, ಹೀಗೆ ಎರಡು ಬಾರಿ ಮಾಡಿ ಮೂರನೆಯ ಬಾರಿ ಚಾಲೂ ಮಾಡುವುದು. ಆಗ ದುರಸ್ತಿಯ ನೀಲಿ ಪರದೆ ತಾನಾಗಿ ತೆರೆಯುತ್ತದೆ. ಅಲ್ಲಿಂದ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಎಂದು ಸಾಗಿ ರೀಸ್ಟಾರ್ಟ್ ಕೊಟ್ಟ ಬಳಿಕ 3ನೆಯ ಸಾಲನ್ನು ಆರಿಸಬೇಕು. ಅಟ್ಟದ ಮೇಲಿನ ಡಬ್ಬಿ ಮಾನಿಟರನ್ನು ಇಳಿಸಿ ಜೋಡಿಸಿ ಅಳತೆ ಬದಲಿಸುವ ಹಳೆಯ ಉಪಾಯ ಎಕ್ಸ್‌ಪಿ ಕಾಲದಲ್ಲಿ ಫಲಿಸುತ್ತಿತ್ತು. ವಿಂಡೋಸ್ 7ರಿಂದ ಈಚೆಗೆ ಪ್ರತಿ ಮಾನಿಟರಿನ ಅಳತೆಯನ್ನೂ ಯಂತ್ರ ಪ್ರತ್ಯೇಕವಾಗಿ ನೆನಪಿಡುವುದರಿಂದ ಅದನ್ನು ನಂಬಿಕೊಳ್ಳುವಂತಿಲ್ಲ.

ಫಾರ್ಮ್ಯಾಟ್ ಮಾಡಿದ ಮೇಲೆ ಬರುವ ಕಾಯಿಲೆ

ಇನ್ನೊಂದು ಬಗೆಯ ದೂರು ಹೀಗಿರುತ್ತದೆ: "ಮೊದಲು ಚೆನ್ನಾಗಿತ್ತು, ಫಾರ್ಮ್ಯಾಟ್ ಮಾಡಿಸಿಕೊಂಡು ಬಂದ ಮೇಲೆ ಎಲ್ಲವೂ ದೊಡ್ಡದಾಗಿ ಕಾಣುತ್ತದೆ, ಯಾವ ಆಟವೂ ತೆರೆಯುವುದಿಲ್ಲ." ಇದಕ್ಕೆ ಕಾರಣ ಬಹುಮಟ್ಟಿಗೆ ಒಂದೇ. ವಿಂಡೋಸ್ ಹಾಕಿದವರು ಗ್ರಾಫಿಕ್ಸ್ ಡ್ರೈವರ್ ಹಾಕದೆ ಕೈತೊಳೆದುಕೊಂಡಿರುತ್ತಾರೆ. ಡಿವೈಸ್ ಮ್ಯಾನೇಜರ್ ತೆರೆದು 'ಡಿಸ್‌ಪ್ಲೇ ಅಡಾಪ್ಟರ್ಸ್' ಎಂಬುದರ ಕೆಳಗೆ ನೋಡಿರಿ. ಅಲ್ಲಿ ಇಂಟೆಲ್, ಎಎಂಡಿ, ಎನ್‌ವಿಡಿಯಾ ಮುಂತಾದ ಹೆಸರಿರಬೇಕು. ಅದರ ಬದಲು 'ಸ್ಟ್ಯಾಂಡರ್ಡ್ ವಿಜಿಎ ಗ್ರಾಫಿಕ್ಸ್ ಅಡಾಪ್ಟರ್' ಎಂದೋ, ಹೊಸ ವಿಂಡೋಸ್‌ನಲ್ಲಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದೋ ಇದ್ದರೆ ಯಂತ್ರ ಊರುಗೋಲಿನ ಮೇಲೆ ನಡೆಯುತ್ತಿದೆ ಎಂದರ್ಥ. ಮೂರು ಆಯಾಮದ ಆಟಗಳು ಅದರಿಂದ ಓಡುವುದಿಲ್ಲ.

ಯಂತ್ರ ಕೊಂಡಾಗ ಬಂದ ಮದರ್‌ಬೋರ್ಡ್ ಸಿ.ಡಿ. ಇದ್ದರೆ ಅದರಲ್ಲಿ ಡ್ರೈವರ್ ಇರುತ್ತದೆ. ಇಲ್ಲವಾದರೆ ಬೋರ್ಡಿನ ಮೇಲೆ ಅಚ್ಚಾಗಿರುವ ಮಾದರಿಯ ಹೆಸರನ್ನು ಬರೆದುಕೊಂಡು ತಯಾರಕರ ತಾಣದಿಂದಲೇ ಇಳಿಸಿಕೊಳ್ಳಬೇಕು. ಎಲ್ಲ ಯಂತ್ರಗಳಿಗೂ ಆಗುವ 'ಡ್ರೈವರ್ ಪ್ಯಾಕ್' ಎಂದು ಕೈಯಿಂದ ಕೈಗೆ ಹೋಗುವ ಡಿವಿಡಿಗಳನ್ನು ಈ ಲೇಖಕ ಶಿಫಾರಸು ಮಾಡಲಾರ; ಡ್ರೈವರ್ ಜೊತೆಗೆ ಬೇಡದ ನಾಲ್ಕು ತಂತ್ರಾಂಶಗಳು ಬಂದು ಮನೆ ಮಾಡಿಕೊಳ್ಳುತ್ತವೆ. ತಯಾರಕರು ವಿಂಡೋಸ್ 10ಕ್ಕೆ ಡ್ರೈವರನ್ನೇ ಬಿಡುಗಡೆ ಮಾಡದ ಹಳೆಯ ಬೋರ್ಡುಗಳೂ ಇವೆ. ಅವುಗಳಿಗೆ ವಿಂಡೋಸ್ 7 ಅಥವಾ ಹಗುರವಾದ ಲಿನಕ್ಸ್ ಉಳಿದ ದಾರಿ. ವಿಂಡೋಸ್ 7ಕ್ಕೆ ಭದ್ರತಾ ನೆರವು 2020ರ ಜನವರಿಯಲ್ಲಿಯೇ ನಿಂತಿರುವುದರಿಂದ ಅಂತಹ ಯಂತ್ರವನ್ನು ಆಟಕ್ಕೆ ಇಟ್ಟುಕೊಂಡು, ಬ್ಯಾಂಕಿನ ವ್ಯವಹಾರಕ್ಕೆ ಬಳಸದಿರುವುದು ಕ್ಷೇಮ.

ಡ್ರೈವರ್ ಸರಿಯಿದ್ದೂ 1024×768ಕ್ಕಿಂತ ಮೇಲಿನ ಅಳತೆ ಪಟ್ಟಿಯಲ್ಲಿ ಬರುತ್ತಿಲ್ಲವೆಂದಾದರೆ ನೀಲಿ ತಲೆಯ ವಿಜಿಎ ಕೇಬಲನ್ನು ಬಿಚ್ಚಿ ನೋಡಿರಿ. 15 ಪಿನ್‌ಗಳ ಆ ಕೇಬಲಿನಲ್ಲಿ 12 ಮತ್ತು 15ನೆಯ ಪಿನ್‌ಗಳ ಮೂಲಕ ಮಾನಿಟರ್ ತನ್ನ ಹೆಸರು, ಅಳತೆಗಳನ್ನು ಸಿ.ಪಿ.ಯು.ಗೆ ತಿಳಿಸುತ್ತದೆ. ಅವಸರದಲ್ಲಿ ಓರೆಯಾಗಿ ಚುಚ್ಚಿ ಅವುಗಳಲ್ಲೊಂದು ಬಾಗಿದ್ದರೆ ಚಿತ್ರವೇನೋ ಬರುತ್ತದೆ, ಪರಿಚಯ ಮಾತ್ರ ಆಗುವುದಿಲ್ಲ. ಆಗ ಡಿವೈಸ್ ಮ್ಯಾನೇಜರಿನಲ್ಲಿ 'ಜೆನೆರಿಕ್ ನಾನ್ ಪಿಎನ್‌ಪಿ ಮಾನಿಟರ್' ಎಂಬ ಹೆಸರು ಕಾಣುತ್ತದೆ. ಅಗ್ಗದ ಕೇಬಲುಗಳಲ್ಲಿ ಈ ಪಿನ್‌ಗಳ ತಂತಿಯೇ ಇಲ್ಲದಿರುವುದೂ ಉಂಟು. ಮಳೆಗಾಲದ ತೇವಕ್ಕೆ ಪಿನ್‌ಗಳು ಕಪ್ಪುಗಟ್ಟುವ ನಮ್ಮ ಸೀಮೆಯಲ್ಲಿ ಕೇಬಲನ್ನು ಒಮ್ಮೆ ಬದಲಿಸಿ ನೋಡುವುದು ವ್ಯರ್ಥವಲ್ಲ. ಚಿತ್ರ ಒಂದು ಪಕ್ಕಕ್ಕೆ ಸರಿದಿದ್ದರೆ ಮಾನಿಟರಿನ 'ಆಟೋ' ಗುಂಡಿಯನ್ನು ಒತ್ತಿದರೆ ಸಾಕು.

ಆಟಗಳ ಕಡೆಗೆ

ಈಗ ಆಟದೊಳಗಿನ ಸೆಟ್ಟಿಂಗ್‌ಗಳಿಗೆ ಬರೋಣ. ಪೂರ್ಣ ಪರದೆ ಎಂಬುದರಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಆಟ ಪರದೆಯನ್ನು ಸಂಪೂರ್ಣ ತನ್ನ ಅಧೀನಕ್ಕೆ ತೆಗೆದುಕೊಂಡು ಅದರ ಅಳತೆಯನ್ನೂ ಬದಲಿಸುತ್ತದೆ. ಎರಡನೆಯದು ಅಂಚಿಲ್ಲದ ಕಿಟಕಿ. ಡೆಸ್ಕ್‌ಟಾಪಿನ ಅಳತೆ ಹಾಗೆಯೇ ಇದ್ದು ಆಟ ಅದರ ಮೇಲೆ ಹರಡಿಕೊಳ್ಳುತ್ತದೆ. ಕಪ್ಪು ಪರದೆ, ಆಲ್ಟ್ ಮತ್ತು ಟ್ಯಾಬ್ ಒತ್ತಿ ಹೊರಬಂದರೆ ಮರಳಿ ಹೋಗಲಾಗದಿರುವುದು ಮುಂತಾದ ತೊಂದರೆಗಳೆಲ್ಲ ಮೊದಲನೆಯದಕ್ಕೆ ಸೇರಿದವು. ಆಟ ಅನುಮತಿಸಿದರೆ ಎರಡನೆಯದನ್ನೇ ಆರಿಸಿಕೊಳ್ಳುವುದು ಮೇಲು. ಅನೇಕ ಆಟಗಳಲ್ಲಿ ಆಲ್ಟ್ ಮತ್ತು ಎಂಟರ್ ಒಟ್ಟಿಗೆ ಒತ್ತಿದರೆ ಪೂರ್ಣ ಪರದೆಯಿಂದ ಕಿಟಕಿಗೆ ಬರಬಹುದು.

ಆಟವೇ ತೆರೆಯದಿದ್ದರೆ ಅದರ ಸೆಟ್ಟಿಂಗ್ ಕಡತವನ್ನು ಅಳಿಸಿದರಾಯಿತು. ಮುಂದಿನ ಬಾರಿ ಆಟ ಹೊಸದೊಂದನ್ನು ಬರೆದುಕೊಳ್ಳುತ್ತದೆ. ಇಂದಿಗೂ ಮಕ್ಕಳ ಮೆಚ್ಚಿನ ಜಿಟಿಎ ವೈಸ್ ಸಿಟಿ (2003) ಮತ್ತು ಸ್ಯಾನ್ ಆಂಡ್ರಿಯಾಸ್ (2005) ಆಟಗಳಲ್ಲಿ ಇದು ಡಾಕ್ಯುಮೆಂಟ್ಸ್ ಒಳಗೆ ಆಟದ ಹೆಸರಿನ 'ಯೂಸರ್ ಫೈಲ್ಸ್' ಫೋಲ್ಡರಿನಲ್ಲಿ 'ಸೆಟ್' ಎಂದು ಕೊನೆಯಾಗುವ ಕಡತ. ಉಳಿಸಿಟ್ಟ ಆಟಗಳೂ ಅದೇ ಫೋಲ್ಡರಿನಲ್ಲಿರುತ್ತವೆ. ಆದ್ದರಿಂದ ಫೋಲ್ಡರನ್ನೇ ಅಳಿಸಿ ತಿಂಗಳ ಸಾಧನೆಯನ್ನು ಕಳೆದುಕೊಳ್ಳಬಾರದು. ಆ ಒಂದು ಕಡತ ಸಾಕು. ಸೈಬರ್ ಕೆಫೆಗಳ ಕಾಲದ ಕೌಂಟರ್ ಸ್ಟ್ರೈಕ್ 1.6ರಲ್ಲಿ ಶಾರ್ಟ್‌ಕಟ್‌ನ ಪ್ರಾಪರ್ಟೀಸ್ ತೆರೆದು, 'ಟಾರ್ಗೆಟ್' ಸಾಲಿನ ಕೊನೆಗೆ ಒಂದು ಖಾಲಿ ಜಾಗ ಬಿಟ್ಟು, ಅಡ್ಡಗೆರೆ ಹಾಕಿ ಇಂಗ್ಲಿಷಿನಲ್ಲಿ 'ವಿಂಡೋ' ಎಂದು ಸೇರಿಸಿದರೆ ಆಟ ಕಿಟಕಿಯಲ್ಲಿಯೇ ತೆರೆಯುತ್ತದೆ.

ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್ (2005) ಆಟದ ಪಟ್ಟಿಯಲ್ಲಿ ಅಗಲ ಪರದೆಯ ಅಳತೆಗಳೇ ಇಲ್ಲ. ಅದಕ್ಕೆಂದು ಅಭಿಮಾನಿಗಳು ಸಿದ್ಧಪಡಿಸಿದ ತೇಪೆಗಳು ದೊರೆಯುತ್ತವೆ. ಎಲ್ಲಿಂದಲೋ ಬಂದ ತೇಪೆಯನ್ನು ಹಾಕುವುದಕ್ಕಿಂತ 1024×768 ಆರಿಸಿ ಪಕ್ಕದ ಕಪ್ಪು ಪಟ್ಟಿಗಳನ್ನು ಒಪ್ಪಿಕೊಳ್ಳುವುದು ಸುರಕ್ಷಿತ. ಪಟ್ಟಿ ಬರುವಂತೆ ಮಾಡುವ ಸೆಟ್ಟಿಂಗ್ ಆಟದಲ್ಲಿಲ್ಲ, ಗ್ರಾಫಿಕ್ಸ್ ಡ್ರೈವರಿನ ಕಂಟ್ರೋಲ್ ಪ್ಯಾನೆಲ್‌ನಲ್ಲಿದೆ. ಇಂಟೆಲ್‌ನಲ್ಲಿ 'ಸ್ಕೇಲಿಂಗ್' ಎಂಬಲ್ಲಿ 'ಮೇಂಟೇನ್ ಆಸ್ಪೆಕ್ಟ್ ರೇಶಿಯೋ' ಆರಿಸಬೇಕು. ಎನ್‌ವಿಡಿಯಾದಲ್ಲಿ ಡೆಸ್ಕ್‌ಟಾಪಿನ ಗಾತ್ರ ಮತ್ತು ಸ್ಥಾನ ಹೊಂದಿಸುವ ಪುಟದಲ್ಲಿಯೂ, ಎಎಂಡಿಯಲ್ಲಿ 'ಜಿಪಿಯು ಸ್ಕೇಲಿಂಗ್' ಎಂಬಲ್ಲಿಯೂ ಇದೇ ಆಯ್ಕೆಯಿದೆ. ಕೆಲವು ಮಾನಿಟರುಗಳ ಮೆನುವಿನಲ್ಲಿಯೂ 4:3 ಎಂಬ ಗುಂಡಿ ಇರುತ್ತದೆ.

ಏಜ್ ಆಫ್ ಎಂಪೈರ್ಸ್ (1997) ಆಟದ ಹುಲ್ಲು ವಿಂಡೋಸ್ 7ರಲ್ಲಿ ನೇರಳೆ, ಕೆಂಪು ಬಣ್ಣಕ್ಕೆ ತಿರುಗುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಆಟ ಕೇಳುತ್ತಿದ್ದುದು 256 ಬಣ್ಣಗಳ ಒಂದು ಪೆಟ್ಟಿಗೆ. ವಿಂಡೋಸ್ ಅದೇ ಪೆಟ್ಟಿಗೆಯ ಕೆಲವು ಬಣ್ಣಗಳನ್ನು ತನ್ನ ಕೆಲಸಕ್ಕೆ ಎತ್ತಿಕೊಳ್ಳುತ್ತಿತ್ತು. ವಿಂಡೋಸ್ 8ರಿಂದ ಈಚೆಗೆ ಈ ಕಡಿಮೆ ಬಣ್ಣದ ವಿಧಾನಗಳನ್ನು ಯಂತ್ರ ಅನುಕರಿಸಿ ತೋರಿಸುತ್ತದೆ. ಆಟದ ಚಿಹ್ನೆಯ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ನ 'ಕಂಪ್ಯಾಟಿಬಿಲಿಟಿ' ಪುಟದಲ್ಲಿ ಕಡಿಮೆ ಬಣ್ಣ ಮತ್ತು 640×480 ಎಂಬ ಎರಡು ಚೌಕಗಳನ್ನು ಗುರುತು ಮಾಡಿ ನೋಡಬಹುದು. ಆಟ ಪರದೆಯ ಒಂದು ಮೂಲೆಗೆ ಸೇರಿಕೊಂಡಿದ್ದರೆ, ಅಥವಾ ಮೌಸ್ ಒಂದೆಡೆ ತೋರಿಸಿ ಇನ್ನೊಂದೆಡೆ ಒತ್ತುತ್ತಿದ್ದರೆ, ಅದು ಡೆಸ್ಕ್‌ಟಾಪಿನ ಅಕ್ಷರಗಳನ್ನು 125 ಶೇಕಡಕ್ಕೆ ಹಿಗ್ಗಿಸಿದ್ದರ ಫಲ. ಅದೇ ಪುಟದಲ್ಲಿ 'ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್' ಒತ್ತಿ, ಕೆಳಗಿನ ಚೌಕವನ್ನು ಗುರುತು ಮಾಡಿ, 'ಅಪ್ಲಿಕೇಶನ್' ಎಂದು ಆರಿಸಿದರೆ ಸರಿಹೋಗುತ್ತದೆ. ವಿಂಡೋಸ್ 10ರ ಯಂತ್ರದಲ್ಲಿ ಪೂರ್ಣ ಪರದೆಯ ಆಟ ಮಧ್ಯೆ ಮಧ್ಯೆ ತಡೆದರೆ 'ಡಿಸೇಬಲ್ ಫುಲ್‌ಸ್ಕ್ರೀನ್ ಆಪ್ಟಿಮೈಸೇಶನ್ಸ್' ಚೌಕವೂ ಅಲ್ಲಿಯೇ ಇದೆ.

ಪ್ರಿನ್ಸ್ ಆಫ್ ಪರ್ಷಿಯಾ (1989), ಡೇಂಜರಸ್ ಡೇವ್ ಮುಂತಾದ ಡಾಸ್ ಆಟಗಳನ್ನು ತಮ್ಮ ಬಾಲ್ಯದ ನೆನಪಿಗೆಂದು ಮಕ್ಕಳಿಗೆ ತೋರಿಸಬಯಸುವ ತಂದೆಯರೂ ಇದ್ದಾರೆ. 64 ಬಿಟ್ ವಿಂಡೋಸ್‌ನಲ್ಲಿ ಅವು ನೇರವಾಗಿ ಓಡುವುದಿಲ್ಲ. ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಬೇಕು. ಅದನ್ನು ಪೂರ್ಣ ಪರದೆಗೆ ತಂದರೂ ಆಟ ನಡುವೆ ಅಂಚೆಚೀಟಿಯಷ್ಟು ಉಳಿಯುವುದುಂಟು. ಅದರ ಸೆಟ್ಟಿಂಗ್ ಕಡತದಲ್ಲಿ ಪೂರ್ಣ ಪರದೆಯ ಅಳತೆ 'ಒರಿಜಿನಲ್' ಎಂದಿರುವಲ್ಲಿ 'ಡೆಸ್ಕ್‌ಟಾಪ್' ಎಂದೂ, ಔಟ್‌ಪುಟ್ 'ಸರ್ಫೇಸ್' ಎಂದಿರುವಲ್ಲಿ 'ಓಪನ್‌ಜಿಎಲ್' ಎಂದೂ ಬದಲಿಸಬೇಕು. ಎರಡನ್ನೂ ಬದಲಿಸದಿದ್ದರೆ ಪ್ರಯೋಜನವಿಲ್ಲ. 'ಆಸ್ಪೆಕ್ಟ್' ಎಂಬುದನ್ನು 'ಟ್ರೂ' ಮಾಡುವುದನ್ನೂ ಮರೆಯಬಾರದು. ಆ ಆಟಗಳ ಅಳತೆ 320×200. ಡಬ್ಬಿ ಮಾನಿಟರ್ ಅದನ್ನು ಎತ್ತರಕ್ಕೆ ತುಸು ಎಳೆದು ತೋರಿಸುತ್ತಿತ್ತು. ಆ ಎಳೆತವಿಲ್ಲದಿದ್ದರೆ ರಾಜಕುಮಾರ ಗಿಡ್ಡನಾಗುತ್ತಾನೆ.

ಡೆಸ್ಕ್‌ಟಾಪನ್ನು ಟಿ.ವಿ.ಗೆ ಜೋಡಿಸಿ ಆಡುವವರಿಗೆ ಒಂದೇ ಮಾತು. ಚಿತ್ರದ ಅಂಚು, ಅದರ ಜೊತೆಗೆ ಅಂಕಗಳು, ಪರದೆಯಾಚೆ ಹೋದಂತೆ ಕಂಡರೆ ಟಿ.ವಿ.ಯ ಚಿತ್ರ ಗಾತ್ರದ ಮೆನುವಿನಲ್ಲಿ 'ಜಸ್ಟ್ ಸ್ಕ್ಯಾನ್', 'ಸ್ಕ್ರೀನ್ ಫಿಟ್' ಎಂಬಂತಹ ಹೆಸರಿನ ಆಯ್ಕೆಯನ್ನು ಹುಡುಕಿರಿ.

ಶಾಲೆಯ ಗೋಡೆಯ ಮೇಲಿನ ವೃತ್ತ

ಮನೆಗಿಂತ ಹೆಚ್ಚಾಗಿ ಈ ಅಳತೆಯ ವಿಷಯ ಕಾಡಬೇಕಾದುದು ಶಾಲೆಗಳನ್ನು. ಸರ್ಕಾರಿ ಪ್ರೌಢಶಾಲೆಗಳ ಗಣಕ ಕೊಠಡಿಗಳಿಗೆ ಉಬುಂಟು ವ್ಯವಸ್ಥೆಯೂ, ಅದರೊಂದಿಗೆ ಜಿಕಾಂಪ್ರಿ, ಟಕ್ಸ್ ಮ್ಯಾಥ್ ಎಂಬ ಕಲಿಕೆಯ ಆಟಗಳೂ, ರೇಖಾಗಣಿತಕ್ಕೆ ಜಿಯೋಜೀಬ್ರಾ ತಂತ್ರಾಂಶವೂ ಬಂದಿವೆ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಲ್ಲಿ ಇವುಗಳ ಬಳಕೆಯನ್ನು ಶಿಕ್ಷಕರಿಗೆ ಕನ್ನಡದಲ್ಲಿಯೇ ವಿವರಿಸಲಾಗಿದೆ. ಜಿಕಾಂಪ್ರಿ ಪೂರ್ಣ ಪರದೆಯನ್ನು ಆವರಿಸಿಕೊಂಡು ಹೊರಬರುವ ದಾರಿ ತೋರದಿದ್ದರೆ ಕಂಟ್ರೋಲ್ ಮತ್ತು ಎಫ್ ಅಕ್ಷರವನ್ನು ಒಟ್ಟಿಗೆ ಒತ್ತಿದರೆ ಅದು ಕಿಟಕಿಗೆ ಇಳಿಯುತ್ತದೆ.

ತೊಂದರೆ ಬರುವುದು ಪ್ರೊಜೆಕ್ಟರ್ ಜೋಡಿಸಿದಾಗ. ಹಳೆಯ ಪ್ರೊಜೆಕ್ಟರುಗಳಲ್ಲಿ ಅನೇಕವು 1024×768, ಅಂದರೆ 4ಕ್ಕೆ 3ರ ಆಕಾರ. ಮೇಜಿನ ಮಾನಿಟರ್ 1366×768. ಎರಡಕ್ಕೂ ಒಂದೇ ಚಿತ್ರ ಕಳುಹಿಸುವಾಗ ಮಾನಿಟರಿನ ಅಳತೆಯನ್ನೇ ಆರಿಸಿದ್ದು, ಪ್ರೊಜೆಕ್ಟರ್ 'ಫುಲ್' ವಿಧಾನದಲ್ಲಿದ್ದರೆ, ಅಗಲ ಮುಕ್ಕಾಲಿಗೆ ಕುಗ್ಗುತ್ತದೆ. ಶಿಕ್ಷಕರ ಮಾನಿಟರಿನಲ್ಲಿ ಚೌಕವಾಗಿರುವುದು ಗೋಡೆಯ ಮೇಲೆ 3ಕ್ಕೆ 4ರ ಆಯತ. ಎರಡು ಕೋನಗಳೂ 45 ಡಿಗ್ರಿ ಇರಬೇಕಾದ ಲಂಬಕೋನ ತ್ರಿಭುಜದಲ್ಲಿ ಒಂದು ಸುಮಾರು 53, ಇನ್ನೊಂದು ಸುಮಾರು 37 ಆಗುತ್ತದೆ. ಹಿಂದಿನ ಬೆಂಚಿನಿಂದ ಎದ್ದ ಹುಡುಗಿಯೊಬ್ಬಳು "ಸರ್, ಎರಡೂ ಒಂದೇ ಇಲ್ಲವಲ್ಲ" ಎಂದರೆ ಆಕೆಯ ಕಣ್ಣು ಸರಿಯಾಗಿಯೇ ಇದೆ. ಆಕೆಯನ್ನು ಸುಮ್ಮನೆ ಕೂರಿಸುವುದು ಅನ್ಯಾಯ.

ಇದಕ್ಕೆ ಪರಿಹಾರ ಸುಲಭ. ತರಗತಿ ಆರಂಭಿಸುವ ಮುನ್ನ ಜಿಯೋಜೀಬ್ರಾದಲ್ಲಿ ಒಂದು ದೊಡ್ಡ ವೃತ್ತ ಬರೆದು, ಗೋಡೆಯ ಮೇಲೆ ಅದರ ಅಗಲವನ್ನೂ ಎತ್ತರವನ್ನೂ ಒಂದು ದಾರದಿಂದ ಅಳೆಯಿರಿ. ಎರಡೂ ಸಮವಿಲ್ಲದಿದ್ದರೆ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಎರಡಕ್ಕೂ 1024×768 ಕೊಡಿ, ಇಲ್ಲವೇ ಪ್ರೊಜೆಕ್ಟರಿನ ಮೆನುವಿನಲ್ಲಿ 'ಆಸ್ಪೆಕ್ಟ್' ಎಂಬುದನ್ನು 'ಆಟೋ' ಅಥವಾ 'ನಾರ್ಮಲ್' ಮಾಡಿ. ಮೊದಲನೆಯದನ್ನು ಆರಿಸಿದರೆ ಮೇಜಿನ ಮಾನಿಟರಿನಲ್ಲಿ ವೃತ್ತ ಅಡ್ಡಕ್ಕೆ ಹಿಗ್ಗಿ ಕಾಣಬಹುದು. ಕಾಣಲಿ. ಮಕ್ಕಳು ನೋಡುತ್ತಿರುವುದು ಗೋಡೆಯನ್ನು.